ಗದ್ದೆ ಕೆಸರಿನ ಸೆಲ್: ಮೀಟರಿನಲ್ಲಿ 0.62 ವೋಲ್ಟ್, ಎಲ್‌ಇಡಿಯಲ್ಲಿ ಮಿಣುಕೂ ಇಲ್ಲ

ಗದ್ದೆಬದು (ತೀರ್ಥಹಳ್ಳಿ ಕಡೆ):
ಕೆಸರಿನ ಬ್ಯಾಕ್ಟೀರಿಯಾಗಳಿಂದ ವಿದ್ಯುತ್ ಪಡೆದು ಎಲ್‌ಇಡಿ ಉರಿಸೋಣವೆಂದು, ನಾಟಿಗೆ ಮೊದಲು ಗದ್ದೆಯ ಕಪ್ಪು ಕೆಸರನ್ನು ಬಕೆಟ್ಟಿಗೆ ತುಂಬಿ, ತಳದಲ್ಲೊಂದು, ಮೇಲಿನ ನೀರಿನಲ್ಲೊಂದು ಕಾರ್ಬನ್ ಫೆಲ್ಟ್ (ವಿದ್ಯುತ್ ಹರಿಯುವ ಕಾರ್ಬನ್ ನಾರಿನ ಹಾಸು) ಇಟ್ಟೆ. ಎರಡಕ್ಕೂ ತಾಮ್ರದ ತಂತಿ. ಬ್ಯಾಕ್ಟೀರಿಯಾಗಳಿಗೆ ಆಹಾರವಾಗಲಿ ಎಂದು ಕಳೆದ ಸುಗ್ಗಿಯ ಅಡಿಕೆ ಚೊಗರನ್ನು (ಅಡಿಕೆ ಬೇಯಿಸಿದ ನೀರು) ಎರಡು ಲೋಟ ಸುರಿದೆ. ಮರುದಿನವೇ 0.62 ವೋಲ್ಟ್! ಆದರೆ ಕೆಂಪು ಎಲ್‌ಇಡಿ ಉರಿಯುವುದಿಲ್ಲ. 1000 ಓಮ್ ರೆಸಿಸ್ಟರ್ ಸಿಕ್ಕಿಸಿದರೆ 0.04ಕ್ಕೆ ಕುಸಿಯುತ್ತದೆ. ಇನ್ನೊಂದು ವಿಷಯ: ಅದೇ ನೀರನ್ನು ಸೋಸಿ ಸಿಲ್ವರ್ ನೈಟ್ರೇಟ್ ಹಾಕಿದೆ, ಸಂಜೆಯೊಳಗೆ ಕಂದಾಯಿತು. ಬ್ಯಾಕ್ಟೀರಿಯಾಗಳಿಂದ ಬೆಳ್ಳಿಯ ನ್ಯಾನೊಕಣ (ಕಣ್ಣಿಗೆ ಕಾಣದಷ್ಟು ಸಣ್ಣ ಕಣ) ಆಯಿತೆಂದು ತಿಳಿಯಲೇ?

ಕಾರ್ಬನ್‌ಕಡ್ಡಿ:
ಒಂದೇ ದಿನದಲ್ಲಿ 0.62 ಬಂತೆಂದರೆ ನನಗೆ ಅನುಮಾನ. ಫೆಲ್ಟಿನ ಮೇಲೆ ಬ್ಯಾಕ್ಟೀರಿಯಾಗಳು ನೆಲೆಯೂರಲು ಸಾಮಾನ್ಯವಾಗಿ ವಾರಗಳೇ ಬೇಕು. ತಳದ ತಂತಿಯನ್ನು ಎಳೆದು ನೋಡಿ.

ಗದ್ದೆಬದು:
ತುದಿ ಕಪ್ಪಾಗಿದೆ. ಉಗುರಿನಿಂದ ಕೆರೆದರೆ ಪುಡಿ ಉದುರುತ್ತದೆ.

ಕಾರ್ಬನ್‌ಕಡ್ಡಿ:
ಹಾಗಾದರೆ ನಿಮ್ಮ ಮೀಟರು ಅಳೆದದ್ದು ಬಹುಮಟ್ಟಿಗೆ ತಾಮ್ರ ಸವೆಯುವುದನ್ನು. ಕರಗಿದ ತಾಮ್ರ ಬ್ಯಾಕ್ಟೀರಿಯಾಗಳಿಗೆ ವಿಷ ಕೂಡ. ಕೆಸರಿನೊಳಗೆ ಸ್ಟೇನ್‌ಲೆಸ್ ಸ್ಟೀಲ್ ತಂತಿ ಇರಲಿ. ತಾಮ್ರದ ಜೋಡಣೆ ನೀರಿನಿಂದ ಮೇಲೆಯೇ ಆಗಲಿ. ರೆಸಿಸ್ಟರನ್ನು ಮೊದಲ ದಿನದಿಂದಲೇ ಸಿಕ್ಕಿಸಿಯೇ ಇಡಿ: ಎಲೆಕ್ಟ್ರಾನ್ ಹರಿಯುವ ದಾರಿ ತೆರೆದಿದ್ದರೆ ತಾನೇ ಅದನ್ನು ಫೆಲ್ಟಿಗೆ ಕೊಡಬಲ್ಲ ಜೀವಿಗಳು ಅಲ್ಲಿ ಹೆಚ್ಚುವುದು? ಮೇಲಿನ ಫೆಲ್ಟಿಗೆ ಗಾಳಿ ತಾಗಬೇಕು. ಬಕೆಟ್ಟು ಸೂರಿನ ನೀರು ಬೀಳುವಲ್ಲಿದೆಯೇ?

ಎಲ್‌ಇಡಿಯ ಆಸೆ ಸದ್ಯಕ್ಕೆ ಬಿಡಿ. ಕೆಂಪು ದೀಪಕ್ಕೂ ಸುಮಾರು 1.8 ವೋಲ್ಟ್ ಬೇಕು. 1000 ಓಮಿನ ಮೇಲೆ 0.3 ವೋಲ್ಟ್ ನಿಂತರೆ ಸಿಗುವುದು ಬರೀ 0.09 ಮಿಲಿವ್ಯಾಟ್.

ಮಲೆಗಾಳಿ (ಸಾಗರ):
ಚೊಗರನ್ನು ಯಾರಾದರೂ ಊಟಕ್ಕೆ ಬಡಿಸುತ್ತಾರೆಯೇ ಮಾರಾಯರೇ! ಅದರ ತುಂಬ ಟ್ಯಾನಿನ್, ಒಗರು ಕೊಡುವ ವಸ್ತು. ಬ್ಯಾಕ್ಟೀರಿಯಾಗಳ ಕೈಕಾಲು ಕಟ್ಟಿದಂತೆ. ಅಕ್ಕಿ ತೊಳೆದ ನೀರು ಸ್ವಲ್ಪ ಸಾಕು. ಇಲ್ಲವೇ ವಿನೆಗರಿಗೆ ಅಡುಗೆ ಸೋಡಾವನ್ನು ನೊರೆ ನಿಲ್ಲುವವರೆಗೆ ಹಾಕಿ. ಸಿಗುವ ಅಸಿಟೇಟ್, ಫೆಲ್ಟಿಗೆ ಎಲೆಕ್ಟ್ರಾನ್ ಕೊಡಬಲ್ಲ ಜಿಯೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾಗೆ ಇಷ್ಟದ ತಿನಿಸು.

ಬೆಳ್ಳಿಯನ್ನು ಕಂದಾಗಿಸಿದ್ದೂ ಚೊಗರೇ ಇರಬೇಕು, ಟ್ಯಾನಿನ್ ತಾನೇ ನೀರಿನಲ್ಲಿ ಕರಗಿದ ಬೆಳ್ಳಿಯನ್ನು (ಅಯಾನು) ಲೋಹವಾಗಿಸುತ್ತದೆ. ಕೆಸರು ಸೋಕದ ಚೊಗರನ್ನು ಕುದಿಸಿ, ಆರಿಸಿ, ಅದಕ್ಕೂ ಅಷ್ಟೇ ಸಿಲ್ವರ್ ನೈಟ್ರೇಟ್ ಹಾಕಿ ನೋಡಿ; ಅದೂ ಕಂದಾದರೆ ಬ್ಯಾಕ್ಟೀರಿಯಾ ಬೇಕಿರಲಿಲ್ಲ ಎಂದಾಯಿತು. ಕಂದು ಬಣ್ಣ ಒಂದು ಸುಳಿವು ಮಾತ್ರ. ಬೆಳ್ಳಿಯ ನ್ಯಾನೊಕಣಗಳಂತೆ 400–420 ನ್ಯಾನೊಮೀಟರ್ ಆಸುಪಾಸಿನ ಬೆಳಕನ್ನು ಹೀರುತ್ತದೆಯೇ ಎಂದು ಕಾಲೇಜಿನ ಸ್ಪೆಕ್ಟ್ರೋಫೋಟೋಮೀಟರಿನಲ್ಲಿ ನೋಡಬೇಕು. ಉಳಿದದ್ದನ್ನು ತೋಟಕ್ಕೆ ಚೆಲ್ಲಬೇಡಿ, ಬೆಳ್ಳಿ ಮಣ್ಣಿನ ಜೀವಿಗಳನ್ನು ಕೊಲ್ಲುತ್ತದೆ.

ಬ್ಯಾಕ್ಟೀರಿಯಾಗಳಿಂದ ಕಣ ಮಾಡಿಸಲು ನಿಮಗೆ ಬೆಳ್ಳಿಗಿಂತ ಕಬ್ಬಿಣ ಒಳ್ಳೆಯದು. 1987ರಲ್ಲಿ ಸೂಕ್ಷ್ಮಜೀವಿ ವಿಜ್ಞಾನಿ ಡೆರೆಕ್ ಲವ್ಲಿ ಮತ್ತು ಸಂಗಡಿಗರು ವರದಿ ಮಾಡಿದ, ಅಮೆರಿಕದ ಪೊಟೊಮ್ಯಾಕ್ ನದಿಯ ಕೆಸರಿನ ಬ್ಯಾಕ್ಟೀರಿಯಾ ತುಕ್ಕನ್ನು ಉಸಿರಾಟಕ್ಕೆ ಬಳಸಿ ಮ್ಯಾಗ್ನೆಟೈಟಿನ (ಅಯಸ್ಕಾಂತಕ್ಕೆ ಅಂಟುವ ಕಪ್ಪು ಕಬ್ಬಿಣದ ಆಕ್ಸೈಡ್) ಅತಿಸಣ್ಣ ಕಣಗಳನ್ನು ಮಾಡುತ್ತಿತ್ತು. ಜಂಬಿಟ್ಟಿಗೆಯ ಗಟ್ಟಿ ಕಬ್ಬಿಣ ಅದಕ್ಕೆ ಅಷ್ಟು ಸುಲಭವಾಗಿ ದಕ್ಕದು. ಬಸಿಗಾಲುವೆಯಲ್ಲಿ ಕಿತ್ತಳೆ ಬಣ್ಣದ ಲೋಳೆ ಕಟ್ಟುತ್ತದಲ್ಲ, ಆ ಮೆತ್ತನೆಯ ತುಕ್ಕನ್ನು ಕೊಡಿ. ಗಾಳಿಯಾಡದ ಬಾಟಲಿಯಲ್ಲಿ ಕಪ್ಪು ಪುಡಿಯಾಗಿ ಅಯಸ್ಕಾಂತಕ್ಕೆ ಅಂಟಿದರೆ ಬರೆಯಿರಿ.

ಗದ್ದೆಬದು (ಇಪ್ಪತ್ನಾಲ್ಕು ದಿನಗಳ ನಂತರ):
ಸೂರಿನ ನೀರು ಬಿದ್ದು ಮೇಲಿನ ಫೆಲ್ಟ್ ನಾಲ್ಕು ಬೆರಳು ಮುಳುಗಿತ್ತು. ಬಕೆಟ್ಟನ್ನು ಜಗಲಿಗೆ ತಂದೆ. ಹೊಸ ಕೆಸರು, ಸ್ಟೀಲ್ ತಂತಿ, ಅಸಿಟೇಟ್. ಮೊದಲ ವಾರ ಏನೂ ಇಲ್ಲ. ಇವತ್ತು ರೆಸಿಸ್ಟರ್ ಇದ್ದೇ 0.31. ಕುದಿಸಿದ ಚೊಗರೂ ಬೆಳ್ಳಿಯನ್ನು ಅಷ್ಟೇ ಕಂದಾಗಿಸಿತು. ಲೋಳೆಯ ಬಾಟಲಿ ಇನ್ನೂ ಕಿತ್ತಳೆಯಾಗಿಯೇ ಇದೆ, ತಳದಲ್ಲಿ ಮಾತ್ರ ಒಂದು ಕಪ್ಪು ಗೆರೆ.