ಶೇ 53 ಮಂದಿ ಒಪ್ಪಿದರೂ ಸಲಿಂಗ ಮದುವೆಗೆ ಕಾನೂನಿಲ್ಲ ಏಕೆ? ಮದುವೆಯಲ್ಲಿ ಸರ್ಕಾರಕ್ಕೇನು ಕೆಲಸ?

ಹಳೇಪೇಟೆ (ಪ್ರಶ್ನೆ):
ಅಮೆರಿಕದ ಸಮೀಕ್ಷಾ ಸಂಸ್ಥೆ ಪ್ಯೂ 2023ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಸಲಿಂಗ ಮದುವೆಗೆ ಕಾನೂನಿನ ಮಾನ್ಯತೆ ಇರಲಿ ಅಂದ ಭಾರತೀಯರು ಶೇ 53, ಬೇಡ ಅಂದವರು ಶೇ 43. ಅದೇ ವರ್ಷ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ಮಾನ್ಯತೆ ಕೊಡಲು ಒಪ್ಪಲಿಲ್ಲ. ಜನ ಹೀಗೆನ್ನುವಾಗ ತೀರ್ಪು ಹಾಗೇಕೆ? ಇನ್ನೊಂದು ಪ್ರಶ್ನೆ: ಮಂತ್ರಮಾಂಗಲ್ಯದಲ್ಲಿ ಪುರೋಹಿತರನ್ನೇ ಬಿಟ್ಟೆವು. ಹಾಗೇ ಸರ್ಕಾರವನ್ನೂ ಬಿಟ್ಟು ಇಬ್ಬರೂ ಕರಾರು ಬರೆದುಕೊಂಡು ಬಾಳಿದರೆ ಕಳೆದುಕೊಳ್ಳುವುದೇನು?

ಅಂಕಿಸಂಕಿ (ಉತ್ತರ):
ಮೊದಲನೆಯದಕ್ಕೆ ಮಾತ್ರ ಉತ್ತರ. ಆ 53ನ್ನು ಪ್ಯೂದ್ದೇ 2019ರ ಶೇ 37ರ ಪಕ್ಕ ಇಟ್ಟು "ನಾಲ್ಕೇ ವರ್ಷದಲ್ಲಿ 16 ಅಂಶ ಏರಿತು" ಎಂದು ಹಂಚಿಕೊಳ್ಳುವವರಿದ್ದಾರೆ. ಅದು ತಪ್ಪು ಲೆಕ್ಕ. 2019ರಲ್ಲಿ ಕೇಳಿದ್ದು ಸಲಿಂಗಕಾಮವನ್ನು ಸಮಾಜ ಒಪ್ಪಬೇಕೇ ಎಂದು, 2023ರಲ್ಲಿ ಕೇಳಿದ್ದು ಕಾನೂನು ಮದುವೆಗೆ ಅವಕಾಶ ಕೊಡಬೇಕೇ ಎಂದು. "ಕಾಗದದಲ್ಲಿ ಏನಾದರೂ ಇರಲಿ, ನಮ್ಮ ಮನೆಗೆ ಬೇಡ" ಅನ್ನುವವರು ಎರಡಕ್ಕೂ ಬೇರೆ ಬೇರೆ ಉತ್ತರ ಕೊಡಬಲ್ಲರು. ಪ್ರಶ್ನೆ ಒಂದೇ ಆಗಿದ್ದಾಗ ಹೋಲಿಸಿ: 2014ರಲ್ಲಿ ಶೇ 15 ಇದ್ದದ್ದು 2019ಕ್ಕೆ 37 ಆಯಿತು. ನಡುವೆ, 2018ರ ಸೆಪ್ಟೆಂಬರ್ 6ರಂದು, ಸಲಿಂಗ ಸಂಬಂಧ ಅಪರಾಧವಲ್ಲ ಎಂಬ 377ನೇ ಕಲಂ ತೀರ್ಪು ಬಂದಿತ್ತು.

ಅಂಕಿಗೂ ಕಾನೂನಿಗೂ ಇರುವ ನಂಟು ತೈವಾನ್ ನೋಡಿದರೆ ಗೊತ್ತಾಗುತ್ತದೆ. ಅಲ್ಲಿ 2017ರಲ್ಲಿ ನ್ಯಾಯಾಲಯ ಎರಡು ವರ್ಷದ ಗಡುವು ಕೊಟ್ಟಿತು, 2018ರ ಜನಮತಗಣನೆಯಲ್ಲಿ ಜನ ವಿರುದ್ಧ ಮತ ಹಾಕಿದರು, 2019ರ ಮೇನಲ್ಲಿ ಆದರೂ ಕಾನೂನು ಜಾರಿಗೆ ಬಂತು. 2023ರಲ್ಲೂ ಅಲ್ಲಿನ ಬೆಂಬಲ ಶೇ 45. ನಮ್ಮಲ್ಲಿ 53 ಇದ್ದೂ ಇಲ್ಲ. ಜನರ ಅಂಕಿಯೇ ಕಾನೂನಾದದ್ದು ಐರ್ಲೆಂಡಿನಲ್ಲಿ. 2015ರಲ್ಲಿ ಶೇ 62 ಮತ ಬಿದ್ದು ಸಂವಿಧಾನವೇ ತಿದ್ದುಪಡಿಯಾಯಿತು.

ನಾಲ್ಕನೇ ಕಲಂ (ಉತ್ತರ):
ತೀರ್ಪಿನ ಬಗ್ಗೆ. ಮದುವೆಯಾಗುವುದು ಸಂವಿಧಾನ ಕೊಟ್ಟ ಮೂಲಭೂತ ಹಕ್ಕಲ್ಲ, ಅದು ಕಾಯ್ದೆಯಿಂದ ಬಂದದ್ದು. ಇದರಲ್ಲಿ ಐವರೂ ನ್ಯಾಯಮೂರ್ತಿಗಳದು ಒಂದೇ ಮಾತು. ಮದುವೆಯಲ್ಲದ ಸಹಜೀವನಕ್ಕೆ ಸರ್ಕಾರ ಮಾನ್ಯತೆ ಕೊಡಬೇಕೇ ಎಂಬಲ್ಲಿ 3–2: ಬೇಡ ಎಂದವರು ಮೂವರು, ಬೇಕು ಎಂದವರು ಇಬ್ಬರು. ಮರುಪರಿಶೀಲನಾ ಅರ್ಜಿಗಳೂ 2025ರ ಜನವರಿಯಲ್ಲಿ ಬಿದ್ದುಹೋದವು.

ಧರ್ಮ ಯಾವುದೆಂದು ನೋಡದೆ ಮದುವೆಗೆ ಅವಕಾಶ ಕೊಡುವ 1954ರ ವಿಶೇಷ ವಿವಾಹ ಕಾಯ್ದೆಯ 4ನೇ ಕಲಂ ಶುರುವಾಗುವುದೇ "ಯಾವುದೇ ಇಬ್ಬರು ವ್ಯಕ್ತಿಗಳು" ಎಂದು. ಅರ್ಜಿದಾರರು ಹಿಡಿದ ಎಳೆ ಅದು. ಆದರೆ ಅದೇ ಕಲಮಿನಲ್ಲಿ ಕೆಳಗೆ ಗಂಡಿಗೆ 21, ಹೆಣ್ಣಿಗೆ 18 ಎಂದಿದೆ. ನಿಷಿದ್ಧ ಸಂಬಂಧಗಳ ಪಟ್ಟಿ ಗಂಡಿಗೊಂದು, ಹೆಣ್ಣಿಗೊಂದು. ವಿಚ್ಛೇದನದಲ್ಲಿ ಹೆಂಡತಿಗೆ ಮಾತ್ರ ಇರುವ ಕಾರಣಗಳಿವೆ. ಉತ್ತರಾಧಿಕಾರವೂ ಇದಕ್ಕೆ ಹೆಣೆದುಕೊಂಡಿದೆ. ಒಂದು ಪದ ಬದಲಿಸಿದರೆ ಹತ್ತು ಕಡೆ ಹೊಲಿಗೆ ಬಿಚ್ಚುತ್ತದೆ, ಅದು ಸಂಸತ್ತಿನ ಕೆಲಸ ಎಂದಿತು ಪೀಠ. ನನ್ನ ಮಟ್ಟಿಗೆ ಆ ತೊಡಕು ನಿಜ, ಆದರೆ ಸಹಜೀವನದ ಮಾನ್ಯತೆಯನ್ನೂ ಕೈಬಿಡಲು ಅದು ಸಾಲದು.

ಹೆಚ್ಚಿನವರು ಮರೆಯುವುದು: ಮದುವೆ ಸಮವರ್ತಿ ಪಟ್ಟಿಯ 5ನೇ ನಮೂದು. ರಾಜ್ಯವೂ ಕಾನೂನು ಮಾಡಬಹುದು, ಆದರೆ ಕೇಂದ್ರದ ಕಾಯ್ದೆಗೆ ವಿರುದ್ಧವಾದರೆ ರಾಷ್ಟ್ರಪತಿಯ ಅಂಕಿತ ಬೇಕು. 2023ರಲ್ಲಿ ಕೇಂದ್ರ ರಾಜ್ಯಗಳ ಅಭಿಪ್ರಾಯ ಕೇಳಿದಾಗ ಕೋರ್ಟಿಗೆ ತಲುಪಿದ್ದು ಏಳು ರಾಜ್ಯಗಳ ಉತ್ತರ. ರಾಜಸ್ಥಾನ, ಆಂಧ್ರ, ಅಸ್ಸಾಂ ವಿರೋಧಿಸಿದವು, ಉಳಿದವು ಸಮಯ ಕೇಳಿದವು. ಆ ಏಳರಲ್ಲಿ ಕರ್ನಾಟಕ ಇರಲಿಲ್ಲ.

ಇನ್ನೊಂದು ಮಾತು: ತೃತೀಯಲಿಂಗಿ ಮಹಿಳೆ ಪುರುಷನನ್ನು ಮದುವೆಯಾಗಲು ಈಗಿರುವ ಕಾಯ್ದೆಯೇ ಸಾಕು ಎಂದು ಅದೇ ತೀರ್ಪು ಹೇಳಿದೆ. ಅಂಥ ಅರ್ಜಿ ಬಂದರೆ ನೋಂದಣಿ ಕಚೇರಿ 2023ರ ತೀರ್ಪನ್ನೇ ತೋರಿಸಿ ವಾಪಸ್ ಕಳಿಸುವಂತಿಲ್ಲ.

ದಸ್ತಾವೇಜು:
ಎರಡನೇ ಪ್ರಶ್ನೆಗೆ ಬರೋಣ. ಮಂತ್ರಮಾಂಗಲ್ಯದ ಜೋಡಿಯೂ ಆಮೇಲೆ ನೋಂದಣಿ ಕಚೇರಿಗೆ ಹೋಗುತ್ತಾರಲ್ಲ! ಪುರೋಹಿತರು ಕೊಡುವುದು ಮಂತ್ರ, ಸರ್ಕಾರ ಕೊಡುವುದು ಒಂದು ಗಂಟು ಹಕ್ಕು. ಆ ಗಂಟಿನಲ್ಲಿ ಅರ್ಧದಷ್ಟನ್ನು ಕರಾರಿನಿಂದ ಕಟ್ಟಿಕೊಳ್ಳಬಹುದು.

ಮೊದಲು ವಿಲ್. ಇಬ್ಬರು ಸಾಕ್ಷಿಗಳು ಬೇಕು, ಆಸ್ತಿ ಪಡೆಯುವವರೇ ಸಾಕ್ಷಿ ಹಾಕದಿರುವುದು ಕ್ಷೇಮ. ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿ. ತವರಿನವರು ಸಹಿ ಅಲ್ಲಗಳೆಯುವುದು ನೋಂದಣಿಯಾಗದ ವಿಲ್‌ನಲ್ಲೇ ಹೆಚ್ಚು. ಬ್ಯಾಂಕಿನಲ್ಲಿ ನಾಮಿನಿ ಮಾಡಿದ್ದೇವೆ ಎಂದು ಕೂರಬೇಡಿ. ನಾಮಿನಿ ಹಣ ಕೈಗೆ ಪಡೆಯುವವರು ಅಷ್ಟೇ, ಒಡೆಯರಲ್ಲ. ಮುಸ್ಲಿಮರಾದರೆ ವಾರಸುದಾರರ ಒಪ್ಪಿಗೆಯಿಲ್ಲದೆ ಮೂರನೇ ಒಂದು ಪಾಲಿಗಿಂತ ಹೆಚ್ಚು ವಿಲ್‌ನಲ್ಲಿ ಬರೆಯಲಾಗದು.

ಆಸ್ಪತ್ರೆ. ಎಲ್ಲರೂ ಮಾಡಿಸುವುದು ಜನರಲ್ ಪವರ್ ಆಫ್ ಅಟಾರ್ನಿ, ಎಡವುವುದೂ ಅಲ್ಲೇ. ಬರೆದುಕೊಟ್ಟವರು ಬುದ್ಧಿಸ್ವಾಧೀನ ಕಳೆದುಕೊಂಡರೆ ಕರಾರು ಕಾಯ್ದೆಯ 201ನೇ ಕಲಮಿನಂತೆ ಅದು ಅಲ್ಲಿಗೆ ಮುಗಿಯಿತು. ಬೇಕಾದ ಹೊತ್ತಿಗೇ ಕೈಕೊಡುತ್ತದೆ. ಜೀವರಕ್ಷಕ ಚಿಕಿತ್ಸೆಯ ತೀರ್ಮಾನಕ್ಕೆ ಮುಂಗಡ ವೈದ್ಯಕೀಯ ನಿರ್ದೇಶನ ಬರೆಯಿರಿ: ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮುದ್ರೆ, ಪರವಾಗಿ ನಿರ್ಧರಿಸುವವರ ಹೆಸರು. ಇದನ್ನು ಜಾರಿಗೆ ತರಲು ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಆದೇಶ ಹೊರಡಿಸಿದೆ.

ಯಾವ ಕರಾರಿನಿಂದಲೂ ಬಾರದವು: ಕುಟುಂಬ ಪಿಂಚಣಿ, ಜೀವನಾಂಶ, ಜಂಟಿ ದತ್ತು. ದತ್ತು ಒಬ್ಬರ ಹೆಸರಿನಲ್ಲೇ ಆಗಬೇಕು, ಒಂಟಿ ಗಂಡಸಿಗೆ ಹೆಣ್ಣುಮಗು ಕೊಡುವುದಿಲ್ಲ. ನೌಕರರ ಪಿಎಫ್‌ನಲ್ಲಿ ಅವಲಂಬಿತ ತಂದೆತಾಯಿ ಇದ್ದರೆ ಸಂಗಾತಿಯ ಹೆಸರಿನ ನಾಮಿನೇಶನ್ ನಿಲ್ಲದು, ಏಕೆಂದರೆ ಅಲ್ಲಿ ಕುಟುಂಬ ಇರುವಾಗ ಹೊರಗಿನವರನ್ನು ಹೆಸರಿಸುವಂತಿಲ್ಲ. ತೆರಿಗೆಯಲ್ಲೂ ಅಷ್ಟೇ. ಗಂಡ ಹೆಂಡತಿಗೆ ಲಕ್ಷ ಕೊಟ್ಟರೆ ಅದು ತೆರಿಗೆಯಿಲ್ಲದ ಉಡುಗೊರೆ. ಸಲಿಂಗ ಜೋಡಿಯಲ್ಲಿ ಒಬ್ಬರು ಇನ್ನೊಬ್ಬರಿಗೆ ಕೊಟ್ಟರೆ, ವರ್ಷಕ್ಕೆ 50,000 ರೂಪಾಯಿ ದಾಟಿದರೆ ಪೂರ್ತಿ ಮೊತ್ತ ಪಡೆದವರ ಆದಾಯ.

ಹಳೇಪೇಟೆ:
ಅಮೆರಿಕದಲ್ಲಿ ಮದುವೆಯಾಗಿ ಊರಿಗೆ ಮರಳುವವರ ಗತಿ?

ದಸ್ತಾವೇಜು:
ಆ ಪ್ರಮಾಣಪತ್ರಕ್ಕೆ ಇಲ್ಲಿ ಗಂಡ-ಹೆಂಡತಿಯ ಬೆಲೆಯಿಲ್ಲ. ಇಲ್ಲಿನ ಆಸ್ತಿಗೆ ಇಲ್ಲಿಯ ವಿಲ್ ಪ್ರತ್ಯೇಕವಾಗಿ ಬರೆಯಿರಿ. ಅದರಲ್ಲಿ "ನನ್ನ ಪತಿ" ಎಂದಷ್ಟೇ ಬರೆದು ಬಿಡಬೇಡಿ, ಪೂರ್ತಿ ಹೆಸರು, ತಂದೆಯ ಹೆಸರು, ಪಾಸ್‌ಪೋರ್ಟ್ ಸಂಖ್ಯೆ ಹಾಕಿ. ಜಂಟಿ ಖಾತೆಗೆ ಅಡ್ಡಿಯಿಲ್ಲ ಎಂದು 2024ರ ಆಗಸ್ಟ್‌ನಲ್ಲಿ ಕೇಂದ್ರ ಹಣಕಾಸು ಸಚಿವಾಲಯ ಸ್ಪಷ್ಟಪಡಿಸಿದೆ. ಶಾಖೆಯಲ್ಲಿ ತಕರಾರು ತೆಗೆದರೆ ಅದರ ಪ್ರತಿ ಕೈಯಲ್ಲಿರಲಿ.