ಜಪಾನೀ ಅಧ್ಯಯನದ ಪರೀಕ್ಷೆಗೆ ಹೈಕು ವಿಷಯವಾಗಬಲ್ಲುದೇ?

ಪ್ರಶ್ನೆ: ಜಯನಗರದ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನಾನು ಹಗಲು ಕೆಲಸ ಮಾಡಿಕೊಂಡು, ಸಂಜೆ ತರಗತಿಗಳಲ್ಲಿ ಜಪಾನೀ ಭಾಷೆ ಮತ್ತು ಸಂಸ್ಕೃತಿಯ ಡಿಪ್ಲೊಮಾ ಓದುತ್ತಿದ್ದೇನೆ. ಅಂತಿಮ ಪರೀಕ್ಷೆಗೆ ನಾವೇ ಒಂದು ವಿಷಯವನ್ನು ಆರಿಸಿಕೊಂಡು 15 ಪುಟಗಳ ಪ್ರಬಂಧ ಬರೆಯಬೇಕು. ಆಮೇಲೆ ಅದರ ಮೇಲೆ 20 ನಿಮಿಷಗಳ ಮೌಖಿಕ ಪರೀಕ್ಷೆ ಇರುತ್ತದೆ. ನನಗೆ ಇಷ್ಟವಾದದ್ದು ಹೈಕು, ಅಂದರೆ ಮೂರು ಸಾಲಿನ ಪುಟ್ಟ ಜಪಾನೀ ಪದ್ಯ. ಆದರೆ ‘ಹೈಕು ಕಾವ್ಯ’ ಎಂದು ಬರೆದುಕೊಂಡು ಹೋದಾಗ ನಮ್ಮ ಅಧ್ಯಾಪಕರು ಹಾಳೆಯನ್ನು ನೋಡಿ, ‘ಇದು ವಿಷಯವಲ್ಲಮ್ಮ, ಕಪಾಟು’ ಎಂದು ಹಿಂದಿರುಗಿಸಿದರು. ನನ್ನ ಜಪಾನೀ ಎನ್3 ಮಟ್ಟದಲ್ಲಿದೆ (ಜಪಾನೀ ಭಾಷಾ ಪರೀಕ್ಷೆಯ ಐದು ಮಟ್ಟಗಳಲ್ಲಿ ನಡುವಿನದು), ಹಳೆಯ ಜಪಾನೀ ವ್ಯಾಕರಣ ಬಾರದು. ಹೈಕುವನ್ನೇ ಕಿರಿದು ಮಾಡಿಕೊಳ್ಳಬೇಕೇ, ಅಥವಾ ಅದನ್ನು ಬಿಟ್ಟು ಇತಿಹಾಸದ ಕಡೆಗೆ ಹೊರಳಬೇಕೇ? ವಿಷಯ ಸಲ್ಲಿಸಲು 2 ವಾರಗಳಷ್ಟೇ ಉಳಿದಿವೆ.

ಉತ್ತರ: ಬಸವನಗುಡಿಯ ಓದುಗ

ಕಪ್ಪೆ, ಕೊಳ, ಚೆರ್ರಿ ಹೂವುಗಳ ಪ್ರಬಂಧಗಳನ್ನು ಪರೀಕ್ಷಕರು ವರ್ಷಕ್ಕೆ ಹತ್ತಾದರೂ ಓದಿರುತ್ತಾರೆ. ನಮ್ಮ ಊರಿನಲ್ಲೇ ವಿಷಯವಿರುವಾಗ ಅಷ್ಟು ದೂರ ಹೋಗಬೇಕೇ? 19ನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಜೆಮ್‌ಷೆಟ್‌ಜಿ ಟಾಟಾ ಅವರು ಜಪಾನೀ ಪರಿಣತರನ್ನು ಬೆಂಗಳೂರಿಗೆ ಕರೆಸಿ ರೇಷ್ಮೆ ಕೃಷಿಯ ತರಬೇತಿಗೆ ವ್ಯವಸ್ಥೆ ಮಾಡಿದ್ದರು. ಟಾಟಾ ಸಿಲ್ಕ್ ಫಾರ್ಮ್ ಎಂಬ ಹೆಸರು ಇಂದಿಗೂ ನಮ್ಮ ಬಡಾವಣೆಯ ಪಕ್ಕದಲ್ಲೇ ಉಳಿದಿದೆ. 1898ರಲ್ಲಿ ವಿಶ್ವೇಶ್ವರಯ್ಯನವರು ಜಪಾನಿಗೆ ಹೋಗಿ ಬಂದದ್ದನ್ನೂ ಇದರೊಂದಿಗೆ ಸೇರಿಸಿಕೊಳ್ಳಬಹುದು.

ಉತ್ತರ: ಮಲ್ಲೇಶ್ವರದ ಹಳೆಯ ವಿದ್ಯಾರ್ಥಿ

ರೇಷ್ಮೆಯ ವಿಷಯ ಚೆನ್ನಾಗಿದೆ, ನಾನೇ ಓದಲು ಬಯಸುವಂತಹದು. ಆದರೆ ಅದರ ಆಕರಗಳಲ್ಲಿ ನಮ್ಮ ಕೈಗೆ ಸಿಗುವವು ಬಹುಮಟ್ಟಿಗೆ ಇಂಗ್ಲಿಷಿನವು; ಪ್ರಬಂಧವು ಅರ್ಧ ದಾರಿಯಲ್ಲೇ ಮೈಸೂರು ಸಂಸ್ಥಾನದ ಇತಿಹಾಸವಾಗಿಬಿಡುತ್ತದೆ, ಮೌಖಿಕದಲ್ಲಿ ‘ಇದರಲ್ಲಿ ನೀವು ಜಪಾನೀ ಭಾಷೆಯಲ್ಲಿ ಓದಿದ್ದೇನು?’ ಎಂದು ಕೇಳಿದರೆ ಉತ್ತರವಿರುವುದಿಲ್ಲ. ಎನ್3 ಮಟ್ಟದವರು ಮೂಲದಲ್ಲೇ ಪೂರ್ತಿ ಓದಿ ಮುಗಿಸಬಹುದಾದ ಸಾಹಿತ್ಯವೆಂದರೆ 17 ಮಾತ್ರೆಗಳ ಪದ್ಯವೇ. ಹಳೆಯ ವ್ಯಾಕರಣಕ್ಕೂ ಅಷ್ಟು ಹೆದರಬೇಕಿಲ್ಲ: ‘ಯ’, ‘ಕನ’, ‘ಕೆರಿ’ಯಂತಹ ಕೆಲವು ಕಡಿತದ ಪದಗಳನ್ನು, ಅಂದರೆ ಪದ್ಯವನ್ನು ತುಂಡರಿಸಿ ನಿಲ್ಲಿಸುವ ಪದಗಳನ್ನು, ಗುರುತಿಸಲು ಕಲಿತು, ಉಳಿದದ್ದಕ್ಕೆ ಆಧುನಿಕ ಜಪಾನೀ ಟಿಪ್ಪಣಿಯಿರುವ ಆವೃತ್ತಿಯನ್ನು ಹಿಡಿದರೆ ಕೆಲಸ ಸಾಗುತ್ತದೆ.

ಮೊದಲು ಒಂದು ಎಚ್ಚರಿಕೆ. ‘ಬಾಶೊ ಹೈಕು ಬರೆದ’ ಎಂದು ಆರಂಭಿಸಬೇಡಿ. ಕವಿ ಬಾಶೊನ (1644–1694) ಕಾಲದಲ್ಲಿ ಅದಕ್ಕಿದ್ದ ಹೆಸರು ಹೊಕ್ಕು, ಅಂದರೆ ಹಲವರು ಕೂಡಿ ಕಟ್ಟುವ ಸರಪಳಿ ಕಾವ್ಯದ ಮೊದಲ ಪದ್ಯ. ಅದನ್ನು ಸರಪಳಿಯಿಂದ ಬಿಡಿಸಿ, ಹೈಕು ಎಂಬ ಹೆಸರಿನಲ್ಲಿ ಸ್ವತಂತ್ರ ಪ್ರಕಾರವಾಗಿ ನಿಲ್ಲಿಸಿದವನು ಮಸಾವೊಕ ಶಿಕಿ (1867–1902).

ನನ್ನ ಸಲಹೆಯೆಂದರೆ, ಕಿಗೊ, ಅಂದರೆ ಋತುವನ್ನು ಸೂಚಿಸುವ ಪದ, ಒಂದನ್ನೇ ಹಿಡಿಯಿರಿ. ಬಾಶೊನ 1686ರ ಆ ಪ್ರಸಿದ್ಧ ಪದ್ಯವನ್ನೇ ನೋಡಿ: ‘ಫುರು ಇಕೆ ಯ / ಕವಜು ತೊಬಿಕೊಮು / ಮಿಜು ನೊ ಒತೊ’. ಹಳೆಯ ಕೊಳ, ಒಳಕ್ಕೆ ಹಾರುವ ಕಪ್ಪೆ, ನೀರಿನ ಸದ್ದು. ಕಪ್ಪೆ ಎಂದೊಡನೆ ನಮ್ಮ ಕಿವಿಗೆ ಕೇಳುವುದು ಮುಂಗಾರಿನ ವಟಗುಟ್ಟುವಿಕೆ. ಜಪಾನೀ ಕಾವ್ಯದಲ್ಲಾದರೋ ಕಪ್ಪೆ ವಸಂತದ್ದು, ಆ ವಸಂತ ಸಾಂಪ್ರದಾಯಿಕ ಪಂಚಾಂಗದಂತೆ ಫೆಬ್ರವರಿ 4ರ ಸುಮಾರಿಗೇ ಆರಂಭವಾಗುತ್ತದೆ. ಆ ದಿನಗಳಲ್ಲಿ ಬೆಂಗಳೂರಿನ ರಸ್ತೆಗಳಲ್ಲಿ ಟಬೂಬಿಯಾ ಗುಲಾಬಿ ಬಣ್ಣಕ್ಕೆ ತಿರುಗಿರುತ್ತದೆ, ನಮ್ಮ ಕಪ್ಪೆಗಳ ಸದ್ದೇ ಇರುವುದಿಲ್ಲ. ಇನ್ನೂ ಒಂದು ಮಾತಿದೆ. ಸುಮಾರು 905ರ ‘ಕೊಕಿನ್‌ಶೂ’ ಸಂಕಲನದ ಮುನ್ನುಡಿಯಿಂದ ಹಿಡಿದು ಕವಿಗಳು ಮೆಚ್ಚಿಕೊಂಡು ಬಂದದ್ದು ಕಪ್ಪೆಯ ದನಿಯನ್ನು. ಬಾಶೊ ಕಪ್ಪೆಯ ಬಾಯಿ ಮುಚ್ಚಿಸಿ ನೀರನ್ನು ಕೇಳಿಸಿದ. ಪದ್ಯದ ಹೊಸತನ ಇರುವುದು ಅಲ್ಲಿ, ಕಿಗೊ ಗೊತ್ತಿಲ್ಲದವನಿಗೆ ಅದು ಕಾಣಿಸುವುದೇ ಇಲ್ಲ.

ಇದಕ್ಕೆ ಎದುರಾಗಿ ಕೊಬಯಾಶಿ ಇಸ್ಸನ (1763–1828) ಪದ್ಯವೊಂದನ್ನು ಇಡಿ: ‘ತ್ಸುಯು ನೊ ಯೊ ವ / ತ್ಸುಯು ನೊ ಯೊ ನಗರ / ಸರಿ ನಗರ’. (ಇಲ್ಲಿ ‘ನಗರ’ ಊರಲ್ಲ, ‘ಆದರೂ’ ಎಂಬರ್ಥದ ಪ್ರತ್ಯಯ, ತರಗತಿಯಲ್ಲಿ ಮೊದಲ ಸಲ ಓದಿದಾಗ ನಾವೆಲ್ಲ ನಕ್ಕಿದ್ದೆವು, ಅರ್ಥ ತಿಳಿದ ಮೇಲೆ ಸುಮ್ಮನಾದೆವು.) ಇಬ್ಬನಿಯ ಲೋಕ ಇಬ್ಬನಿಯ ಲೋಕವೇ ಹೌದು, ಆದರೂ, ಆದರೂ... 1819ರಲ್ಲಿ ಅವನ ಪುಟ್ಟ ಮಗಳು ಸಿಡುಬಿನಿಂದ ತೀರಿಕೊಂಡಾಗಿನ ಪದ್ಯವಿದು. ಮಗು ತೀರಿಕೊಂಡದ್ದು ಹಳೆಯ ಪಂಚಾಂಗದ ಆರನೆಯ ತಿಂಗಳಲ್ಲಿ, ಅಂದರೆ ಬೇಸಿಗೆಯ ಕೊನೆಯಲ್ಲಿ. ಇಬ್ಬನಿಯಾದರೋ ಶರತ್ಕಾಲದ ಪದ. ಹಾಗಾದರೆ ಕಿಗೊ ಎಂಬುದು ಹವಾಮಾನದ ವರದಿಯೇ, ಅಥವಾ ಕವಿಗಳು ತಲೆಮಾರುಗಳಿಂದ ಕೂಡಿಟ್ಟ ನೆನಪೇ? ನಿಮ್ಮ 15 ಪುಟಗಳಿಗೆ ಈ ಪ್ರಶ್ನೆಯೇ ಸಾಕು.

ಉತ್ತರ: ವಿಜಯನಗರದ ಕನ್ನಡ ಮೇಷ್ಟ್ರು

ನನಗೆ ಜಪಾನೀ ಅಷ್ಟಾಗಿ ಬಾರದು, ಛಂದಸ್ಸಿನ ಬಗ್ಗೆ ಮಾತ್ರ ಒಂದು ಮಾತು. ಹೈಕುವಿನ ಮೂರು ಸಾಲುಗಳ 5-7-5 ಎಣಿಕೆಯನ್ನು ಇಂಗ್ಲಿಷ್ ಪುಸ್ತಕಗಳು ಸಾಮಾನ್ಯವಾಗಿ ಸಿಲಬಲ್ ಎಂದು ವಿವರಿಸುತ್ತವೆ, ಕನ್ನಡದಲ್ಲಿ ಹೈಕು ಬರೆಯುವ ಹಲವರು ಅಕ್ಷರಗಳನ್ನು ಎಣಿಸುತ್ತಾರೆ. ಇವೆರಡಕ್ಕಿಂತಲೂ ನಮ್ಮ ಮಾತ್ರೆಯ ಲೆಕ್ಕ ಜಪಾನೀ ಲೆಕ್ಕಕ್ಕೆ ಹತ್ತಿರವಾಗಿದೆ. ‘ಹೊಕ್ಕು’ ಎಂಬುದಕ್ಕೆ ಅಲ್ಲಿ 3 ಘಟಕಗಳು. ನಮ್ಮಲ್ಲಿಯೂ ಒಂದು ಗುರು, ಒಂದು ಲಘು ಸೇರಿ 3. ‘ನಿಪ್ಪೊನ್’ ಎರಡು ಕಡೆಯೂ 4. ಆದರೆ ಒತ್ತಕ್ಷರದ ಹಿಂದಿನ ಅಕ್ಷರ ಗುರುವಾಗುವ ನಮ್ಮ ನಿಯಮವನ್ನು ಎಲ್ಲೆಡೆ ಹೊಂದಿಸಹೋದರೆ ತಪ್ಪುತ್ತದೆ: ಅತಿಥಿ ಎಂಬರ್ಥದ ‘ಒಕ್ಯಕು’ ಅವರಿಗೆ 3, ನಮ್ಮ ಪ್ರಸ್ತಾರದಲ್ಲಿ 4. ಇದಕ್ಕೆ ಒಂದು ಪುಟ ಮೀಸಲಿಡಿ. ಕಿಗೊವಿನ ಜೊತೆ ಹೋಲಿಕೆ ಬೇಕಾದರೆ ತ್ರಿಪದಿಯನ್ನು ಎಳೆದು ತರಬೇಡಿ. ಮೂರು ಸಾಲು ಎಂಬುದನ್ನು ಬಿಟ್ಟರೆ ಅವೆರಡಕ್ಕೂ ಸಂಬಂಧವಿಲ್ಲ. ಅದಕ್ಕಿಂತ ನಮ್ಮ ರೈತರ ಮಳೆ ನಕ್ಷತ್ರಗಳನ್ನು ನೋಡಿ. ಜಪಾನೀಯರು ವರ್ಷವನ್ನು 24 ಸೌರ ಘಟ್ಟಗಳಾಗಿ, ಸುಮಾರು 15 ದಿನಗಳಿಗೊಂದರಂತೆ ವಿಂಗಡಿಸಿದರೆ, ನಾವು ಸೂರ್ಯನು 27 ನಕ್ಷತ್ರಗಳಲ್ಲಿ ತಲಾ 13-14 ದಿನ ಇರುವುದನ್ನು ಹಿಡಿದು ರೋಹಿಣಿ ಮಳೆ, ಆರಿದ್ರಾ ಮಳೆ ಎನ್ನುತ್ತೇವೆ.

ಪ್ರತಿಕ್ರಿಯೆ: ಜಯನಗರದ ವಿದ್ಯಾರ್ಥಿನಿ

ಎಲ್ಲರಿಗೂ ಕೃತಜ್ಞತೆಗಳು. ‘ಕಪ್ಪೆ ಮತ್ತು ಇಬ್ಬನಿ: ಬಾಶೊ ಮತ್ತು ಇಸ್ಸನ ಎರಡು ಪದ್ಯಗಳಲ್ಲಿ ಋತುಪದದ ಕೆಲಸ’ ಎಂದು ಬರೆದುಕೊಟ್ಟಿದ್ದೇನೆ, ಅಧ್ಯಾಪಕರು ಸಹಿ ಹಾಕಿದ್ದಾರೆ. ಎರಡೇ ಪದ್ಯಗಳು 15 ಪುಟಗಳಿಗೆ ಸಾಲುತ್ತವೆಯೇ ಎಂಬ ಅಳುಕು ಮಾತ್ರ ಉಳಿದಿದೆ.

ಉತ್ತರ: ಮಲ್ಲೇಶ್ವರದ ಹಳೆಯ ವಿದ್ಯಾರ್ಥಿ

ಸಾಲುತ್ತವೆ. ಸಾಲದೆಂದು ಕಂಡರೆ 1689ರ ಪ್ರವಾಸದಲ್ಲಿ ಬಾಶೊ ಬರೆದ, ಬಂಡೆಯೊಳಕ್ಕೆ ಇಳಿಯುವ ಜೀರುಂಡೆಯ ದನಿಯ ಪದ್ಯವನ್ನು ಸೇರಿಸಿಕೊಳ್ಳಿ, ಅದು ಬೇಸಿಗೆಯದು. ಪದ್ಯಗಳನ್ನು ಕೈಯಲ್ಲಿ ಬರೆದು ಅಭ್ಯಾಸ ಮಾಡಿ, ಏಕೆಂದರೆ ಮೌಖಿಕದಲ್ಲಿ ಬೋರ್ಡಿನ ಮೇಲೆ ಬರೆಯಲು ಹೇಳುವುದುಂಟು. ನನಗೆ ಕಪ್ಪೆಯ ಕಾಂಜಿಯಲ್ಲಿ (ಚೀನೀ ಮೂಲದ ಲಿಪಿಚಿಹ್ನೆಯಲ್ಲಿ) ಎಡಗಡೆಯ ಹುಳುವಿನ ಚಿಹ್ನೆ ಮಾತ್ರ ನೆನಪಾಗಿ, ಬಲಗಡೆ ಮಣ್ಣಿನ ಚಿಹ್ನೆಯನ್ನು ಒಂದರ ಮೇಲೊಂದು ಎರಡು ಸಲ ಬರೆಯಬೇಕೆಂಬುದು ಹೊರಗೆ ಬಂದು ಬಸ್ ಹತ್ತಿದ ಮೇಲೆ ಹೊಳೆಯಿತು.