ಡಾಂಗ್‌ಝಿ ಉಂಡೆ ಬಗ್ಗೆ ಚಿಕ್ಕಮ್ಮನಿಗೆ

ಚಿಕ್ಕಮ್ಮ, ನಿನ್ನೆ ನಾನು ಹಾಕಿದ ಗುಲಾಬಿ-ಬಿಳಿ ಉಂಡೆಗಳ ಫೋಟೋ ನೋಡಿ, ಸಿಂಗಪುರದ ಚೀನೀಯರಿಗೆ ಡಿಸೆಂಬರ್‌ನಲ್ಲೇ ಹೊಸ ವರ್ಷ ಬಂತಾ ಅಂತ ಕೇಳಿದ್ದಿರಿ ಅಲ್ವಾ. ಸ್ವಲ್ಪ ಉದ್ದ ಆಗುತ್ತದೆ, ಕೇಳಿ.

ಹೊಸ ವರ್ಷ ಅಲ್ಲ, ಇದು ಡಾಂಗ್‌ಝಿ. ವರ್ಷದಲ್ಲೇ ಹಗಲು ಅತಿ ಚಿಕ್ಕದಾಗಿರುವ ದಿನ. ಸೂರ್ಯನ ಲೆಕ್ಕದ ಹಬ್ಬ ಆದ್ದರಿಂದ ಹೆಚ್ಚಾಗಿ ಡಿಸೆಂಬರ್ 21 ಅಥವಾ 22ಕ್ಕೇ ಬೀಳುತ್ತದೆ. ನಮ್ಮ ಅಜ್ಜ ಹೇಳುತ್ತಿದ್ದರಲ್ಲ, ಉತ್ತರಾಯಣ, ಆಕಾಶದಲ್ಲಿ ಅದು ನಿಜವಾಗಿ ಶುರುವಾಗುವುದು ಇದೇ ಹೊತ್ತಿಗೆ. ಸಿಂಗಪುರದಲ್ಲಿ ಚಳಿಯೂ ಇಲ್ಲ, ಸರ್ಕಾರಿ ರಜೆಯೂ ಇಲ್ಲ. ಆದರೂ ಪಕ್ಕದ ಮನೆಯ ಚೀನೀ ಅಜ್ಜಿಯ ಮಕ್ಕಳು, ಸೊಸೆ, ಮೊಮ್ಮಕ್ಕಳು ಎಲ್ಲ ಆಫೀಸು ಮುಗಿಸಿ ರಾತ್ರಿ ಊಟಕ್ಕೆ ಬಂದೇ ಬರುತ್ತಾರೆ. ಬಾರದಿದ್ದರೆ ಅಜ್ಜಿಗೆ ನಿಜಕ್ಕೂ ಬೇಜಾರಾಗುತ್ತದೆ. ನನಗೆ ಈ ಹಬ್ಬ ಇಷ್ಟ ಆಗುವುದೇ ಅದಕ್ಕೆ. ಪಟಾಕಿ ಇಲ್ಲ, ಗದ್ದಲ ಇಲ್ಲ, ಮನೆಯವರು ಒಟ್ಟಿಗೆ ಕೂತು ಉಣ್ಣುವುದೇ ಹಬ್ಬ.

ಆ ಉಂಡೆಗೆ ಟಾಂಗ್‌ಯುವಾನ್ ಅನ್ನುತ್ತಾರೆ. ಅಂಟಕ್ಕಿ, ಅಂದರೆ ಬೇಯಿಸಿದರೆ ಅಂಟಂಟಾಗುವ ಅಕ್ಕಿ, ಅದರ ಹಿಟ್ಟಿನದು. ಅಜ್ಜಿ ಮೊದಲು ಒಂದು ಚಿಕ್ಕ ತುಂಡು ಹಿಟ್ಟನ್ನು ನೀರಿನಲ್ಲಿ ಬೇಯಿಸಿ, ಅದನ್ನು ಮತ್ತೆ ಹಸಿ ಹಿಟ್ಟಿಗೇ ಸೇರಿಸಿ ನಾದಿದರು. ಹಾಗೆ ಮಾಡಿದರೆ ಉಂಡೆ ಬಿರಿಯುವುದಿಲ್ಲವಂತೆ. ಅರ್ಧಕ್ಕೆ ಕೆಂಪು ಬಣ್ಣ ಸ್ವಲ್ಪವೇ ಹಾಕಿ ಗುಲಾಬಿ ಮಾಡಿದರು. ಆಮೇಲೆ ಮಕ್ಕಳೆಲ್ಲ ಅಂಗೈಯಲ್ಲಿ ಉರುಳಿಸಲು ಕೂತರು, ಒಂದು ಗೋಲಿಯಷ್ಟು, ಇನ್ನೊಂದು ನಿಂಬೆಹಣ್ಣಿನಷ್ಟು, ಯಾರೂ ತಿದ್ದಲಿಲ್ಲ. ಕುದಿಯುವ ನೀರಿಗೆ ಬಿಟ್ಟರೆ ಮೊದಲು ಮುಳುಗುತ್ತದೆ, ಬೆಂದ ಮೇಲೆ ತೇಲುತ್ತದೆ. ಆಗ ತೆಗೆದು ಶುಂಠಿ, ಪಾಂಡನ್ ಅನ್ನುವ ಘಮಘಮ ಎಲೆ ಹಾಕಿ ಕುದಿಸಿದ ಸಕ್ಕರೆ ನೀರಿಗೆ ಹಾಕುವುದು. ಮೊದಲ ಬಟ್ಟಲು ಹಿರಿಯರ ಎಡೆಗೆ, ಆಮೇಲೆ ಉಳಿದವರಿಗೆ. ಇದನ್ನು ತಿಂದರೆ ಒಂದು ವಯಸ್ಸು ಜಾಸ್ತಿ ಆಯಿತು ಅಂತ ಲೆಕ್ಕ.

ಚೀನಾದ ಉತ್ತರದಲ್ಲಿ ಮಾತ್ರ ಉಂಡೆ ಬದಲು ಜಿಯಾವ್‌ಝಿ ತಿನ್ನುತ್ತಾರೆ, ಕಡುಬಿನ ಥರ ಒಳಗೆ ಹೂರಣ, ಹೆಚ್ಚಾಗಿ ಮಾಂಸದ್ದು. ಹಾನ್ ರಾಜರ ಕಾಲದ ವೈದ್ಯ ಝಾಂಗ್ ಝೋಂಗ್‌ಜಿಂಗ್, ಚಳಿಗೆ ಕಿವಿ ಹುಣ್ಣಾದ ಬಡವರಿಗೆ ಕುರಿ ಮಾಂಸ, ಔಷಧಿ ಸೇರಿಸಿ ಕಿವಿಯಾಕಾರದಲ್ಲಿ ಮಾಡಿಕೊಟ್ಟರು ಅಂತ ಕಥೆ. ಅಲ್ಲಿ ಇನ್ನೊಂದು ಹಳೇ ಪದ್ಧತಿಯೂ ಇದೆ, ನನಗೆ ತುಂಬಾ ಹಿಡಿಸಿದ್ದು. 81 ಎಸಳಿನ ಹೂಕೊಂಬೆ ಬರೆದಿಟ್ಟು, ಈ ದಿನದಿಂದ ದಿನಕ್ಕೊಂದು ಎಸಳಿಗೆ ಬಣ್ಣ ತುಂಬುವುದು. ಎಲ್ಲ ತುಂಬುವಷ್ಟರಲ್ಲಿ ಚಳಿ ಕಳೆದಿರುತ್ತದೆ.

ನೀವು ಮಾಡಿ ನೋಡುವುದಾದರೆ ದೋಸೆ ಅಕ್ಕಿ ಹಿಟ್ಟು ಬೇಡ, ಒಡೆದುಹೋಗುತ್ತದೆ. ಅಂಟಕ್ಕಿ ಹಿಟ್ಟೇ ಬೇಕು, ಅಲ್ಲಿ ಸಿಗದಿದ್ದರೆ ಹೇಳಿ, ಬರುವಾಗ ನಾನು ತರುತ್ತೇನೆ. ಚಿಕ್ಕಪ್ಪನಿಗೆ ಕೊಡುವಾಗ ತುಂಬಾ ಚಿಕ್ಕದಾಗಿ ಮಾಡಿ, ಚೆನ್ನಾಗಿ ಅಗಿದು ನುಂಗಲು ಹೇಳಿ, ಅಂಟು ಜಾಸ್ತಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.